ವಿದ್ಯಾರ್ಥಿಗಳಿಗೆ ರಂಗಶಿಕ್ಷಣ: ಪರಂಪರೆ, ಪ್ರಯೋಗ ಮತ್ತು ನಮ್ಮ ಹೊಣೆ

ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಬಣ್ಣ ಹಚ್ಚಿ ವೇದಿಕೆ ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ, ಚಪ್ಪಾಳೆಯನ್ನೂ ತಟ್ಟಿದ್ದೇವೆ. ಆದರೆ ವರ್ಷಕ್ಕೊಂದು ಸಂಜೆ ನಡೆಯುವ ಆ ಪ್ರದರ್ಶನವನ್ನು ರಂಗಶಿಕ್ಷಣ ಎಂದು ಕರೆಯಲಾಗದು. ವಾರವಾರವೂ ನಿಯತವಾಗಿ, ಬಲ್ಲವರ ಮಾರ್ಗದರ್ಶನದಲ್ಲಿ, ತರಗತಿಯ ಎಲ್ಲ ಮಕ್ಕಳನ್ನೂ ಒಳಗೊಂಡು ಮಾತು, ದೇಹ, ಹಾಡು, ಕಥೆ, ಕೈಕೆಲಸಗಳ ಮೂಲಕ ನಡೆಯುವ ಕಲಿಕೆಯೇ ರಂಗಶಿಕ್ಷಣ. ಪ್ರದರ್ಶನವು ಅದರ ಒಂದು ಫಲ ಮಾತ್ರ. ಬೇರಿಗೆ ನೀರೆರೆಯದೆ ಹಣ್ಣನ್ನು ಮಾತ್ರ ಬಯಸುವ ರೂಢಿ ನಮ್ಮ ಶಾಲೆಗಳಲ್ಲಿ ಬೆಳೆದುಬಂದಿದೆ.

ನಾಡಿನ ಮಠಮಾನ್ಯಗಳು ನೂರಾರು ಶಾಲೆ ಕಾಲೇಜುಗಳನ್ನೂ ಪ್ರಸಾದ ನಿಲಯಗಳನ್ನೂ ನಡೆಸುತ್ತಿವೆ. ಹಳ್ಳಿಗಳಿಂದ ಬಂದ ಮಕ್ಕಳು ತಂದೆತಾಯಿಗಳಿಂದ ದೂರವಿದ್ದು ಅಲ್ಲಿ ಓದುತ್ತಿದ್ದಾರೆ. ಅವರಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುವುದರಲ್ಲಿ ಮಠಗಳು ಹಿಂದೆ ಬಿದ್ದಿಲ್ಲ. ಆದರೆ ಹತ್ತನೆಯ ತರಗತಿಯ ಫಲಿತಾಂಶದ ಒತ್ತಡ ಹೆಚ್ಚಿದಂತೆಲ್ಲ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಸಂಗೀತ, ಚಿತ್ರ, ನಾಟಕಗಳ ಅವಧಿಗಳೇ. ಆಡಳಿತ ಮಂಡಳಿಗಳ ಸಭೆಗಳಲ್ಲಿ ‘ನಾಟಕದಿಂದ ಅಂಕ ಬರುತ್ತದೆಯೇ?’ ಎಂಬ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರಶ್ನೆ ಕೇಳುವವರನ್ನು ಆಕ್ಷೇಪಿಸಿ ಪ್ರಯೋಜನವಿಲ್ಲ. ಅವರಿಗೆ ಉತ್ತರ ದೊರೆಯಬೇಕು. ಈ ನಾಡಿನ ರಂಗಶಿಕ್ಷಣದ ಪರಂಪರೆ, ಅದನ್ನು ಪೋಷಿಸಿದ ಸಂಸ್ಥೆಗಳು, ಕಾನೂನಿನ ನಿಲುವು ಹಾಗೂ ಶಾಲೆಯೊಂದು ಇದನ್ನು ಆರಂಭಿಸುವ ಕ್ರಮ, ಇವುಗಳನ್ನು ಶಿಕ್ಷಕರು, ಪಾಲಕರು ಮತ್ತು ಭಕ್ತಾದಿಗಳ ಅವಗಾಹನೆಗಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಶರಣರ ಸಮುದಾಯದಲ್ಲಿ ಕಲೆಯ ಕಾಯಕ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಗಮನಿಸಿದರೆ ಕಲೆಯನ್ನೇ ಕಾಯಕವಾಗಿಸಿಕೊಂಡವರು ಅನೇಕರು ಕಾಣಸಿಗುತ್ತಾರೆ. ಬಹುರೂಪಿ ಚೌಡಯ್ಯ ವೇಷಗಳನ್ನು ಧರಿಸಿ ಜನರ ಮುಂದೆ ಆಡುತ್ತಿದ್ದವನು. ನಗೆಯ ಮಾರಿತಂದೆ ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡವನು. ಕಲಕೇತ ಬೊಮ್ಮಯ್ಯ, ಡಕ್ಕೆಯ ಬೊಮ್ಮಣ್ಣ, ಕಿನ್ನರಿ ಬೊಮ್ಮಯ್ಯ ಇವರ ಹೆಸರುಗಳಲ್ಲಿಯೇ ವೇಷ, ವಾದ್ಯ, ಸಂಗೀತಗಳು ಸೇರಿಕೊಂಡಿವೆ.

ಸಮಾಜವು ಅಂದು ವೇಷಗಾರರನ್ನೂ ವಾದ್ಯಗಾರರನ್ನೂ ಗೌರವದ ಸ್ಥಾನದಲ್ಲಿ ಇರಿಸಿರಲಿಲ್ಲ. ಅಂಥವರು ಮಂತ್ರಿಯ ಜೊತೆಗೆ, ಪಂಡಿತನ ಜೊತೆಗೆ ಸಮಾನವಾಗಿ ಕುಳಿತು ವಚನಗಳನ್ನು ರಚಿಸಿದರು ಎಂಬುದು ಸಣ್ಣ ಸಂಗತಿಯಲ್ಲ. ‘ನಮ್ಮ ಮಕ್ಕಳು ಬಣ್ಣ ಹಚ್ಚಿಕೊಳ್ಳುವುದು ಬೇಡ’ ಎನ್ನುವ ಪಾಲಕರಿಗೆ ಈ ಪರಂಪರೆಯನ್ನು ನೆನಪಿಸುವುದು ಯೋಗ್ಯ. ಪ್ರಾಮಾಣಿಕವಾಗಿ ಮಾಡಿದ ಯಾವ ಕಾಯಕವೂ ಕೀಳಲ್ಲವೆಂದ ಮೇಲೆ ಕಲೆಯ ಕಾಯಕವೂ ಕೀಳಾಗಲಾರದು.

ಕಂಪನಿ ನಾಟಕ: ಮಕ್ಕಳ ಮೊದಲ ರಂಗಶಾಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಕನ್ನಡ ನಾಡಿನಲ್ಲಿ ವೃತ್ತಿ ನಾಟಕ ಕಂಪನಿಗಳು ತಲೆಯೆತ್ತಿದವು. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಅವುಗಳಲ್ಲಿ ಪ್ರಮುಖವಾದುದು. ಬಾಲಕನಾಗಿ ಆ ಕಂಪನಿಯನ್ನು ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರೇ ಆದರು.

ಆ ಕಾಲದಲ್ಲಿ ರಂಗಕಲೆಯನ್ನು ಕಲಿಯಲು ಬೇರೆ ಶಾಲೆ ಇರಲಿಲ್ಲ. ಕಂಪನಿಯೇ ಪಾಠಶಾಲೆ, ಬಿಡಾರವೇ ವಸತಿನಿಲಯ. ಬಾಲನಟರು ನಸುಕಿನಲ್ಲಿ ಎದ್ದು ಸ್ವರಸಾಧನೆ ಮಾಡಬೇಕು, ಮಧ್ಯಾಹ್ನ ತಾಲೀಮು, ರಾತ್ರಿ ಪ್ರಯೋಗ. ಸಂಗೀತ ಲೋಕದ ಹಿರಿಯ ಚೇತನ ಮಲ್ಲಿಕಾರ್ಜುನ ಮನ್ಸೂರರು ಎಳವೆಯಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿ ಅಭಿನಯಿಸಿದವರು. ಬಸವರಾಜ ರಾಜಗುರು ಅವರಿಗೂ ಅದೇ ಕಂಪನಿಯ ನಂಟು ಇತ್ತು. ಏಣಗಿ ಬಾಳಪ್ಪನವರು ಬಾಲ್ಯದಲ್ಲಿಯೇ ರಂಗಕ್ಕೆ ಬಂದು ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನ ಪಾತ್ರದಿಂದ ಉತ್ತರ ಕರ್ನಾಟಕದ ಮನೆಮನೆಯ ಮಾತಾದರು. ವರನಟ ರಾಜಕುಮಾರ್ ಅವರು ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಗೆ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಅವರ ಸ್ಪಷ್ಟ ಕನ್ನಡ ಉಚ್ಚಾರಣೆಯನ್ನು ತಿದ್ದಿದ್ದು ಆ ರಂಗಭೂಮಿಯೇ.

ಈ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ಕಂಪನಿ ಸೇರಿದ ಮಕ್ಕಳಲ್ಲಿ ಬಹುಪಾಲು ಜನ ಶಾಲೆಯನ್ನು ಬಿಟ್ಟವರು. ರಾಜಕುಮಾರ್ ಅವರಂತಹವರಿಗೂ ಪ್ರಾಥಮಿಕ ಹಂತದಲ್ಲಿಯೇ ಓದು ನಿಂತಿತು. ಹೆಸರು ಮಾಡಿದವರನ್ನು ನಾವು ನೆನೆಯುತ್ತೇವೆ. ಪರದೆ ಎಳೆಯುತ್ತ, ಸಣ್ಣಪುಟ್ಟ ಪಾತ್ರ ಮಾಡುತ್ತ ಅಕ್ಷರವೂ ಇಲ್ಲದೆ ಆಸರೆಯೂ ಇಲ್ಲದೆ ಉಳಿದವರ ಲೆಕ್ಕ ಇಟ್ಟವರಿಲ್ಲ. ಆದುದರಿಂದ ಕಂಪನಿ ಕಾಲದ ಶಿಸ್ತನ್ನು ಮೆಚ್ಚುವಾಗ ಅದರ ಬೆಲೆಯನ್ನೂ ಅರಿತಿರಬೇಕು. ಅಂದು ಮಗು ಶಾಲೆಯನ್ನು ತೊರೆದು ರಂಗಕ್ಕೆ ಹೋಗುತ್ತಿತ್ತು. ಇಂದು ರಂಗವೇ ಶಾಲೆಯೊಳಕ್ಕೆ ಬರಬೇಕಾಗಿದೆ.

ಗದುಗಿನ ಪುಣ್ಯಾಶ್ರಮ: ಕಲೆಯೇ ಆಸರೆಯಾದಾಗ

ಓದು ಮತ್ತು ಕಲೆ ಒಂದೇ ಸೂರಿನಡಿ ಬಾಳಬಲ್ಲವು ಎಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಉಜ್ವಲ ನಿದರ್ಶನ. ಹುಟ್ಟಿನಿಂದಲೇ ದೃಷ್ಟಿಹೀನರಾಗಿದ್ದ ಪಂಚಾಕ್ಷರ ಗವಾಯಿಗಳ ಪ್ರತಿಭೆಯನ್ನು ಗುರುತಿಸಿ ಅವರಿಗೆ ಸಂಗೀತ ಶಿಕ್ಷಣ ಕೊಡಿಸಿದವರು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು. ಕಣ್ಣಿಲ್ಲದ ಬಾಲಕನೊಬ್ಬ ಸಮಾಜಕ್ಕೆ ಹೊರೆಯೆಂದು ಎಣಿಸುತ್ತಿದ್ದ ಕಾಲದಲ್ಲಿ ಪೂಜ್ಯರು ಆತನಲ್ಲಿ ಗುರುವೊಬ್ಬನನ್ನು ಕಂಡರು.

ಪಂಚಾಕ್ಷರ ಗವಾಯಿಗಳು ಅಂಧ ಹಾಗೂ ಬಡ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಪಾಠ ನಡೆಸಿದರು. ಅವರ ಶಿಷ್ಯರೂ ಉತ್ತರಾಧಿಕಾರಿಗಳೂ ಆದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಆ ಕಾರ್ಯವನ್ನು ಹಲವು ಪಟ್ಟು ವಿಸ್ತರಿಸಿದರು. ಆಶ್ರಮದ ಮಕ್ಕಳ ಅನ್ನ ವಸ್ತ್ರಗಳಿಗೆ ಹಣವನ್ನು ಒದಗಿಸಲು ಆಶ್ರಮವೇ ನಾಟಕ ಕಂಪನಿಯನ್ನು ನಡೆಸಿತು. ಸ್ವತಃ ಪುಟ್ಟರಾಜರು ಶರಣರ ಚರಿತ್ರೆಗಳನ್ನು ಆಧರಿಸಿ ನಾಟಕಗಳನ್ನು ರಚಿಸಿದರು, ಸಂಗೀತ ಅಳವಡಿಸಿದರು, ಹಾರ್ಮೋನಿಯಂ ನುಡಿಸಿದರು. ಊರಿಂದೂರಿಗೆ ಕ್ಯಾಂಪು ಹಾಕುತ್ತಿದ್ದ ಆ ಕಂಪನಿಯ ಟಿಕೆಟ್ಟಿನ ಹಣ ಆಶ್ರಮದ ಮಕ್ಕಳ ತಟ್ಟೆಗೆ ಅನ್ನವಾಗಿ ಬಂದಿತು. ಇಲ್ಲಿ ಕಲಿತ ಎಷ್ಟೋ ಅಂಧ ವಿದ್ಯಾರ್ಥಿಗಳು ಗಾಯಕರಾಗಿ, ವಾದಕರಾಗಿ, ಸಂಗೀತ ಶಿಕ್ಷಕರಾಗಿ ಸ್ವಂತ ಕಾಲ ಮೇಲೆ ನಿಂತರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಗೌರವ ಸಂದಿತು.

‘ಕಲೆಯಿಂದ ಹೊಟ್ಟೆ ತುಂಬುತ್ತದೆಯೇ?’ ಎಂಬ ಪ್ರಶ್ನೆಗೆ ಗದುಗು ಒಂದು ಉತ್ತರ. ಎಲ್ಲರ ಹೊಟ್ಟೆಯೂ ಕಲೆಯಿಂದ ತುಂಬಲಾರದು, ನಿಜ. ಆದರೆ ಬೇರೆ ಎಲ್ಲ ಬಾಗಿಲುಗಳೂ ಮುಚ್ಚಿದ್ದ ಮಕ್ಕಳಿಗೆ ಕಲೆಯೊಂದೇ ಬಾಗಿಲು ತೆರೆಯಿತು ಎಂಬುದನ್ನು ಮರೆಯಲಾಗದು.

ಹೆಗ್ಗೋಡು, ಬಿ.ವಿ. ಕಾರಂತ ಮತ್ತು ಮೈಸೂರು

ಆಧುನಿಕ ಕನ್ನಡ ರಂಗಶಿಕ್ಷಣದ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡು ಮೊದಲು ನೆನಪಾಗುತ್ತದೆ. ಅಡಿಕೆ ತೋಟಗಳ ನಡುವಿನ ಆ ಪುಟ್ಟ ಊರಿನಲ್ಲಿ 1949ರಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಬೆಳೆಯಿತು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡ ಹೊರಟಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಕೃಷಿಕರ, ಕೂಲಿಕಾರರ, ಸಣ್ಣ ವ್ಯಾಪಾರಿಗಳ ಮಕ್ಕಳು ಅಲ್ಲಿ ಕಲಿತು ತಮ್ಮ ಜಿಲ್ಲೆಗಳಿಗೆ ಮರಳಿ ತಂಡಗಳನ್ನು ಕಟ್ಟಿದರು, ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಮಹಾನಗರದ ನೆರವಿಲ್ಲದೆಯೂ ಹಳ್ಳಿಯೊಂದು ಉನ್ನತ ಮಟ್ಟದ ಕಲಾಶಿಕ್ಷಣವನ್ನು ನೀಡಬಲ್ಲದು ಎಂಬುದನ್ನು ಹೆಗ್ಗೋಡು ತೋರಿಸಿಕೊಟ್ಟಿತು.

ಬಿ.ವಿ. ಕಾರಂತರ (1929–2002) ಬದುಕು ಕಂಪನಿ ಕಾಲವನ್ನೂ ಆಧುನಿಕ ಕಾಲವನ್ನೂ ಬೆಸೆಯುವ ಸೇತುವೆಯಂತಿದೆ. ಬಂಟ್ವಾಳ ತಾಲೂಕಿನ ಮಂಚಿಯ ಈ ಹುಡುಗ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ. ಅವನ ಓದಿನ ಹಂಬಲವನ್ನು ಕಂಡ ಗುಬ್ಬಿ ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಕಂಪನಿಯ ಮಾಲೀಕರೊಬ್ಬರು ತಮ್ಮ ಕಂಪನಿಯ ಹುಡುಗನನ್ನು ಓದಿಗೆಂದು ಬಿಟ್ಟುಕೊಟ್ಟ ಈ ಔದಾರ್ಯದಿಂದ ಕನ್ನಡ ರಂಗಭೂಮಿಗೆ ದೊರೆತ ಲಾಭ ಅಳತೆಗೆ ಸಿಗದು. ಮುಂದೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿ, ಬಳಿಕ ಆ ನಾಟಕ ಶಾಲೆಗೇ ನಿರ್ದೇಶಕರಾದರು. ಅವರ ಪತ್ನಿ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ‘ಬೆನಕ’ ತಂಡದ ಮಕ್ಕಳ ವಿಭಾಗವನ್ನು ಕಟ್ಟಿ ಬೆಳೆಸಿದರು.

ಕಾರಂತರು ಮಕ್ಕಳಿಗಾಗಿ ರೂಪಿಸಿದ ‘ಪಂಜರಶಾಲೆ’ ನಾಟಕವು ರವೀಂದ್ರನಾಥ ಠಾಕೂರರ ಕಥೆಯೊಂದನ್ನು ಆಧರಿಸಿದ್ದು. ರಾಜನ ಆಜ್ಞೆಯಂತೆ ಪಕ್ಷಿಯೊಂದಕ್ಕೆ ವಿದ್ಯೆ ಕಲಿಸಲು ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ನೇಮಕಗೊಳ್ಳುತ್ತಾರೆ, ಪುಸ್ತಕದ ಹಾಳೆಗಳನ್ನು ಪಕ್ಷಿಯ ಗಂಟಲಿಗೆ ತುರುಕಲಾಗುತ್ತದೆ. ಎಲ್ಲರಿಗೂ ಬಹುಮಾನ ದೊರೆಯುತ್ತದೆ. ಪಕ್ಷಿ ಮಾತ್ರ ಉಳಿಯುವುದಿಲ್ಲ. ಶಾಲೆ ನಡೆಸುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ನೋಡಬೇಕಾದ ನಾಟಕವಿದು.

1989ರಲ್ಲಿ ಕಾರಂತರ ಮುಂದಾಳ್ತನದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ‘ರಂಗಾಯಣ’ವು ಪ್ರತಿ ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ವನ್ನು ನಡೆಸುತ್ತ ಬಂದಿದೆ. ಹಾಡು, ಕುಣಿತ, ಮಣ್ಣಿನ ಕೆಲಸ, ಮುಖವಾಡ ತಯಾರಿಕೆಗಳ ನಡುವೆ ಮಕ್ಕಳು ನಾಟಕ ಕಲಿತು ಕೊನೆಯಲ್ಲಿ ಪ್ರದರ್ಶಿಸುತ್ತಾರೆ. ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ಈಗ ರಂಗಾಯಣಗಳಿವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು 1989ರಲ್ಲಿಯೇ ಮಕ್ಕಳಿಗಾಗಿ ಪ್ರತ್ಯೇಕ ಶೈಕ್ಷಣಿಕ ರಂಗತಂಡವನ್ನು ಆರಂಭಿಸಿತು ಎಂಬುದನ್ನೂ ಇಲ್ಲಿ ಸ್ಮರಿಸಬಹುದು.

ಸಾಣೇಹಳ್ಳಿ: ಮಠವೇ ರಂಗಮಂದಿರ

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಶ್ರೀಮಠವು ಈ ಕ್ಷೇತ್ರದಲ್ಲಿ ಮಾಡಿರುವ ಕಾರ್ಯ ನಾಡಿಗೇ ಮಾದರಿ. ಇದರ ಬೀಜ ಸಿರಿಗೆರೆಯಲ್ಲಿದೆ. ತರಳಬಾಳು ಪೀಠದ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು (1914–1992) ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದವರು. ಜೊತೆಗೆ ಸ್ವತಃ ನಾಟಕಕಾರರು. ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ಮುಂತಾದ ಕೃತಿಗಳನ್ನು ರಚಿಸಿದವರು. ಪ್ರವಚನದಿಂದ ತಲುಪಲಾಗದ ಜನರನ್ನು ನಾಟಕದಿಂದ ತಲುಪಬಹುದು ಎಂಬ ನಂಬಿಕೆ ಅವರದಾಗಿತ್ತು.

ಆ ನಂಬಿಕೆಯನ್ನು ಮುಂದುವರಿಸಿದವರು ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು. 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘ ಅಸ್ತಿತ್ವಕ್ಕೆ ಬಂದಿತು. 1997ರಲ್ಲಿ ‘ಶಿವಸಂಚಾರ’ ಎಂಬ ಸಂಚಾರಿ ರಂಗತಂಡ ರೂಪುಗೊಂಡಿತು. ಪ್ರತಿವರ್ಷ ಹೊಸ ನಾಟಕಗಳನ್ನು ಸಿದ್ಧಪಡಿಸಿ, ನವೆಂಬರಿನ ನಾಟಕೋತ್ಸವದಲ್ಲಿ ಪ್ರಯೋಗಿಸಿ, ಅನಂತರ ನಾಡಿನ ಉದ್ದಗಲಕ್ಕೆ ಕೊಂಡೊಯ್ಯುವುದು ಈ ತಂಡದ ಕ್ರಮ. ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರ ಒಡನಾಟ ಈ ಚಟುವಟಿಕೆಗಳಿಗೆ ಬಲ ತುಂಬಿತು. ಗ್ರೀಕ್ ಮಾದರಿಯ ವಿಶಾಲ ಬಯಲು ರಂಗಮಂದಿರ ಅಲ್ಲಿ ನಿರ್ಮಾಣವಾಯಿತು. ಮುಂದೆ ರಂಗಪ್ರಯೋಗ ಶಾಲೆಯೂ ತೆರೆಯಿತು. ಅಲ್ಲಿ ಯುವಕ ಯುವತಿಯರು ಕ್ರಮಬದ್ಧ ತರಬೇತಿ ಪಡೆಯುತ್ತಾರೆ.

ಸಾಣೇಹಳ್ಳಿಯಿಂದ ಇತರ ಸಂಸ್ಥೆಗಳು ಕಲಿಯಬೇಕಾದ ಪಾಠಗಳು ಮೂರು. ಮೊದಲನೆಯದು, ನಿರಂತರತೆ. ದಶಕಗಳ ಕಾಲ ಒಂದೂರಿನಲ್ಲಿ ನಾಟಕ ನಡೆದಾಗ ಪ್ರೇಕ್ಷಕರೂ ಬೆಳೆಯುತ್ತಾರೆ. ಹೊಲದ ಕೆಲಸ ಮುಗಿಸಿ ಬಂದ ರೈತರು ಕುಟುಂಬದೊಡನೆ ಕುಳಿತು ಗಂಭೀರ ನಾಟಕವನ್ನು ನೋಡುತ್ತಾರೆ. ಎರಡನೆಯದು, ವಿಷಯದ ಮುಕ್ತತೆ. ಶರಣ ಚರಿತ್ರೆಯ ನಾಟಕಗಳ ಪಕ್ಕದಲ್ಲಿಯೇ ಸಾಮಾಜಿಕ ನಾಟಕಗಳಿಗೂ ಭಾಷಾಂತರಿತ ನಾಟಕಗಳಿಗೂ ಅಲ್ಲಿ ಸ್ಥಾನ ದೊರೆತಿದೆ. ಮೂರನೆಯದು, ಕಲಾವಿದರನ್ನು ಸಂಬಳದ ಮೇಲೆ ಇರಿಸಿಕೊಂಡು ಗೌರವದಿಂದ ನಡೆಸಿಕೊಳ್ಳುವುದು. ಕಲೆಯನ್ನು ಹೊಗಳಿ ಕಲಾವಿದನನ್ನು ಬರಿಗೈಯಲ್ಲಿ ಕಳುಹಿಸುವ ಸಂಪ್ರದಾಯಕ್ಕೆ ಇದು ತಕ್ಕ ತಿದ್ದುಪಡಿ.

ಕಾನೂನು ಮತ್ತು ನೀತಿ ಏನು ಹೇಳುತ್ತವೆ?

ಕಲಾಶಿಕ್ಷಣ ಐಚ್ಛಿಕ ಅಲಂಕಾರವೆಂಬ ಭಾವನೆ ಆಡಳಿತ ಮಂಡಳಿಗಳಲ್ಲಿದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2005 ಈ ಭಾವನೆಯನ್ನು ಒಪ್ಪುವುದಿಲ್ಲ. ಸಂಗೀತ, ನೃತ್ಯ, ದೃಶ್ಯಕಲೆ, ರಂಗಕಲೆ ಈ ನಾಲ್ಕನ್ನೂ ಹತ್ತನೆಯ ತರಗತಿಯವರೆಗೆ ಕಡ್ಡಾಯವಾಗಿ ಕಲಿಸಬೇಕೆಂಬುದು ಅದಕ್ಕೆ ಪೂರಕವಾದ ಅಧ್ಯಯನ ತಂಡದ ಶಿಫಾರಸು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಗಟ್ಟಿ ಗೋಡೆಯನ್ನೇ ಬೇಡವೆಂದಿದೆ.

ಮಕ್ಕಳ ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಇನ್ನೂ ಸ್ಪಷ್ಟವಾಗಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ಅದು ವಿಧಿಸುತ್ತದೆ. ಇದರ ಒಳಗುಟ್ಟನ್ನು ಗಮನಿಸಬೇಕು. ಗಡಿಭಾಗದ, ಗುಡ್ಡಗಾಡಿನ, ಸಣ್ಣ ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ನೂರನ್ನು ಮುಟ್ಟುವುದೇ ಕಷ್ಟ. ಮನರಂಜನೆಗೂ ಕಲೆಗೂ ಬೇರೆ ಅವಕಾಶವಿಲ್ಲದ ಆ ಮಕ್ಕಳೇ ಈ ನಿಯಮದ ಹೊರಗೆ ಉಳಿಯುತ್ತಾರೆ. ಸಮಾಜದ, ಮಠಗಳ ನೆರವು ಮೊದಲು ತಲುಪಬೇಕಾದುದು ಅಲ್ಲಿಗೆ.

ಸಮಯವಿಲ್ಲವೆಂಬ ಮಾತಿಗೂ ಲೆಕ್ಕದಿಂದ ಉತ್ತರಿಸಬಹುದು. ಅದೇ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ 220 ಕೆಲಸದ ದಿನಗಳು ಮತ್ತು 1000 ಬೋಧನಾ ಗಂಟೆಗಳು. ವಾರಕ್ಕೆ 40 ನಿಮಿಷಗಳ ಎರಡು ಅವಧಿಗಳನ್ನು 36 ವಾರ ನಾಟಕಕ್ಕೆ ಮೀಸಲಿಟ್ಟರೆ ಆಗುವುದು ಒಟ್ಟು 48 ಗಂಟೆ. ಇದು ಒಟ್ಟು ಬೋಧನಾ ಸಮಯದ ಶೇ. 5ಕ್ಕಿಂತಲೂ ಕಡಿಮೆ. ಇಷ್ಟನ್ನು ಕೊಡಲು ಸಾಧ್ಯವಿಲ್ಲವೆಂದರೆ ತೊಡಕು ಇರುವುದು ಗಡಿಯಾರದಲ್ಲಲ್ಲ.

ಶಾಲಾ ಶಿಕ್ಷಣ ಇಲಾಖೆಯ ‘ಪ್ರತಿಭಾ ಕಾರಂಜಿ’, ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ‘ಕಲಾ ಉತ್ಸವ’ ಇವು ಮಕ್ಕಳಿಗೆ ವೇದಿಕೆ ಒದಗಿಸಿವೆ. ಆದರೆ ಸ್ಪರ್ಧೆಯು ಈಗಾಗಲೇ ಅರಳಿದ ಪ್ರತಿಭೆಯನ್ನು ಆರಿಸುತ್ತದೆ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತ ಮಗುವಿನ ಕಡೆಗೆ ಅದರ ಕಣ್ಣು ಹೊರಳದು. ಆ ಮಗುವನ್ನು ತಲುಪಲು ತರಗತಿಯೇ ಬೇಕು.

ಶಾಲೆಯಲ್ಲಿ ಆರಂಭಿಸುವ ಕ್ರಮ

ದೊಡ್ಡ ರಂಗಮಂದಿರ, ಬೆಲೆಬಾಳುವ ಬೆಳಕಿನ ಉಪಕರಣಗಳು ಇಲ್ಲದೆಯೂ ಕೆಲಸವನ್ನು ಆರಂಭಿಸಬಹುದು. ಗಾಳಿ ಬೆಳಕಿರುವ ಒಂದು ಕೊಠಡಿ ಅಥವಾ ಮರದ ನೆರಳು, ಒಂದು ತಾಳವಾದ್ಯ, ಬಲ್ಲ ಶಿಕ್ಷಕರೊಬ್ಬರು ಇದ್ದರೆ ಸಾಕು. ಒಂದು ಗುಂಪಿನಲ್ಲಿ 25 ಮಕ್ಕಳು ಮೀರದಿರುವುದು ಒಳಿತು.

1. ಮೊದಲ ಎರಡು ತಿಂಗಳು ಆಟಗಳಿಗೆ ಮೀಸಲಿರಲಿ. ವೃತ್ತವಾಗಿ ನಿಂತು ಹೆಸರು ಹೇಳುವ ಆಟ, ಕನ್ನಡಿಯಾಟ, ಲಯಕ್ಕೆ ನಡೆಯುವ ಆಟ ಇವುಗಳಿಂದ ಸಂಕೋಚ ಕರಗುತ್ತದೆ. ಈ ಹಂತದಲ್ಲಿ ಸಂಭಾಷಣೆ ಬಾಯಿಪಾಠ ಮಾಡಿಸಬಾರದು.

2. ಮುಂದಿನ ಹಂತ ಧ್ವನಿ ಮತ್ತು ಭಾಷೆ. ಜನಪದ ಗೀತೆ, ವಚನ, ಗಾದೆಗಳನ್ನು ಅರ್ಥವರಿತು ಹೇಳಿಸಬೇಕು. ಮಗು ತನ್ನ ಮನೆಯ ಕನ್ನಡದಲ್ಲಿ ಮಾತನಾಡಿದರೆ ತಿದ್ದುವ ಆತುರ ಬೇಡ. ಬೀದರಿನ, ಧಾರವಾಡದ, ಚಾಮರಾಜನಗರದ ನುಡಿಗಳೆಲ್ಲವೂ ರಂಗಕ್ಕೆ ಸಲ್ಲುತ್ತವೆ.

3. ಮೂರನೆಯದು ಕಥೆ ಕಟ್ಟುವುದು. ಊರಿನ ಕೆರೆ, ಸಂತೆ, ಅಜ್ಜಿಯ ಕಥೆ, ಪಾಠದೊಳಗಿನ ಪ್ರಸಂಗ ಇವುಗಳನ್ನು ಮಕ್ಕಳೇ ದೃಶ್ಯಗಳಾಗಿ ಬೆಳೆಸಲಿ. ಸಿದ್ಧ ಕೃತಿ ಬೇಕಾದರೆ ಕುವೆಂಪು ಅವರ ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’, ಚಂದ್ರಶೇಖರ ಕಂಬಾರರ ‘ಕಿಟ್ಟಿಯ ಕಥೆ’, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’, ವೈದೇಹಿಯವರ ಮಕ್ಕಳ ನಾಟಕಗಳು ಕನ್ನಡದಲ್ಲಿ ಲಭ್ಯವಿವೆ. ಹಕ್ಕುದಾರರ ಅನುಮತಿ ಪಡೆದೇ ಪ್ರಯೋಗಿಸಬೇಕು.

4. ಕೊನೆಯ ಹಂತ ತಾಲೀಮು ಮತ್ತು ಪ್ರದರ್ಶನ. ನಲವತ್ತು ನಿಮಿಷ ಮೀರದ ನಾಟಕ ಸಾಕು. ಅಭಿನಯದಲ್ಲಿ ಆಸಕ್ತಿ ಇಲ್ಲದ ಮಗುವಿಗೆ ಮೇಳದಲ್ಲಿ, ಪ್ರಸಾಧನದಲ್ಲಿ, ಪರಿಕರಗಳ ತಯಾರಿಯಲ್ಲಿ, ಪ್ರಚಾರ ಚಿತ್ರ ಬರೆಯುವುದರಲ್ಲಿ ಕೆಲಸವಿದೆ. ಪ್ರದರ್ಶನ ಮುಗಿದ ಮರುವಾರ ಎಲ್ಲರೂ ಕುಳಿತು ಏನು ಕಲಿತೆವು ಎಂದು ಮಾತನಾಡುವುದನ್ನು ತಪ್ಪಿಸಬಾರದು.

ಸ್ಥಳೀಯ ಕಲಾವಿದರನ್ನು ಬಳಸಿಕೊಳ್ಳುವುದು ಅತ್ಯಂತ ಫಲಕಾರಿ. ದೊಡ್ಡಾಟ, ಸಣ್ಣಾಟ, ಕೃಷ್ಣ ಪಾರಿಜಾತ, ವೀರಗಾಸೆ, ತೊಗಲುಗೊಂಬೆಯಾಟಗಳನ್ನು ಬಲ್ಲ ಹಿರಿಯರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳ ಮಕ್ಕಳಿಗೆ ಗುರುಗಳಿಂದ ಯಕ್ಷಗಾನ ಕಲಿಸಿ ಪ್ರದರ್ಶನ ಏರ್ಪಡಿಸುತ್ತಿರುವ ಮಾದರಿ ನಮ್ಮ ಮುಂದಿದೆ. ಉತ್ತರ ಕರ್ನಾಟಕದ ದೊಡ್ಡಾಟಕ್ಕೂ ಅಂಥದೇ ಏರ್ಪಾಡು ಬೇಕಾಗಿದೆ. ಕಲಿಸಬಲ್ಲವರು ಕಣ್ಮರೆಯಾದ ಮೇಲೆ ಹಣವಿದ್ದೂ ಪ್ರಯೋಜನವಾಗದು.

ಎಚ್ಚರ ವಹಿಸಬೇಕಾದ ಸಂಗತಿಗಳು

ಪಾತ್ರ ಹಂಚಿಕೆಯಲ್ಲಿ ಶಿಕ್ಷಕರ ಮನಸ್ಸು ಬಯಲಾಗುತ್ತದೆ. ಬೆಳ್ಳಗಿರುವ ಮಗುವಿಗೆ ರಾಜಕುಮಾರಿಯ ಪಾತ್ರ, ಕಪ್ಪಗಿರುವ ಮಗುವಿಗೆ ರಾಕ್ಷಸನ ಪಾತ್ರ, ಇಂತಿಂಥ ಕೇರಿಯ ಮಗುವಿಗೆ ಸೇವಕನ ಪಾತ್ರ ಎಂದು ಕೊಡುವುದು ಮಗುವಿನ ಮನಸ್ಸಿನ ಮೇಲೆ ಅಳಿಸಲಾಗದ ಗಾಯ ಮಾಡುತ್ತದೆ. ಬಸವಾದಿ ಶರಣರ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿ ಇದು ಎಳ್ಳಷ್ಟೂ ನಡೆಯಕೂಡದು. ಪಾತ್ರಗಳನ್ನು ಸರದಿಯಂತೆ ಬದಲಿಸುತ್ತ ಎಲ್ಲರಿಗೂ ಎಲ್ಲ ಪಾತ್ರಗಳ ರುಚಿ ತೋರಿಸುವುದು ಉತ್ತಮ. ಅಂಗವೈಕಲ್ಯ, ಉಗ್ಗು, ಬಡತನಗಳನ್ನು ನಗೆಗೆ ವಸ್ತುವಾಗಿಸಬಾರದು.

ಹೆಣ್ಣುಮಕ್ಕಳು ಏಳು, ಎಂಟನೆಯ ತರಗತಿಗೆ ಬರುತ್ತಲೇ ನಾಟಕದಿಂದ ಹಿಂದೆ ಸರಿಯುತ್ತಾರೆ, ಹಲವೊಮ್ಮೆ ಮನೆಯವರ ಒತ್ತಾಯದಿಂದ. ಪಾಲಕರ ಆತಂಕವನ್ನು ಹಗುರವಾಗಿ ಕಾಣದೆ ನಿವಾರಿಸಬೇಕು. ತಾಲೀಮು ಶಾಲಾ ಅವಧಿಯಲ್ಲಿಯೇ ನಡೆಯಲಿ, ಶಿಕ್ಷಕಿಯೊಬ್ಬರು ಸದಾ ಉಪಸ್ಥಿತರಿರಲಿ, ತಾಯಂದಿರು ಬಂದು ನೋಡಲು ಬಾಗಿಲು ತೆರೆದಿರಲಿ. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿ ನಿರ್ಭೀತಳಾಗಿ ಮಾತನಾಡಿದುದನ್ನು ಪ್ರತಿವರ್ಷ ಸ್ಮರಿಸುವ ನಾವು, ನಮ್ಮ ಶಾಲೆಯ ಹುಡುಗಿ ನಾಲ್ಕು ಜನರ ಮುಂದೆ ನಿಂತು ದನಿಯೆತ್ತಿ ಮಾತನಾಡಲು ಅವಕಾಶ ಕೊಡದಿದ್ದರೆ ಆ ಸ್ಮರಣೆಗೆ ಅರ್ಥ ಉಳಿಯುವುದಿಲ್ಲ.

ನಾಟಕ ಕಲಿತ ಮಕ್ಕಳೆಲ್ಲರೂ ನಟರಾಗಬೇಕಿಲ್ಲ, ಆಗುವುದೂ ಇಲ್ಲ. ಆದರೆ ಇನ್ನೊಬ್ಬರ ಪಾತ್ರದಲ್ಲಿ ನಿಂತು ಅವರ ನೋವನ್ನು ಅರಿತ ಮಗು ಮುಂದೆ ವೈದ್ಯನಾಗಲಿ, ರೈತನಾಗಲಿ, ಅಧಿಕಾರಿಯಾಗಲಿ, ಎದುರಿಗೆ ಬಂದವರ ಮಾತನ್ನು ತಾಳ್ಮೆಯಿಂದ ಕೇಳಬಲ್ಲದು. ಸಂದರ್ಶನದಲ್ಲಿ ತಡವರಿಸದೆ ಉತ್ತರಿಸುವುದು, ಗುಂಪಿನಲ್ಲಿ ದುಡಿಯುವುದು, ಕನ್ನಡವನ್ನು ಸ್ಪಷ್ಟವಾಗಿ ನುಡಿಯುವುದು ಇವು ಇದರ ಜೊತೆಗೆ ಬರುವ ಲಾಭಗಳು.

ಬೆಂಬಲಿಸುವ ಬಗೆ

ಭಕ್ತರು ‘ನಾವೇನು ಮಾಡಬಹುದು?’ ಎಂದು ಕೇಳುವುದುಂಟು. ಕಟ್ಟಡಕ್ಕೆ ದಾನ ಕೊಡುವವರು ನಮ್ಮಲ್ಲಿ ಬಹಳ. ಅದರ ಮೇಲೆ ಹೆಸರು ಕೆತ್ತಿಸಬಹುದು. ಶಿಕ್ಷಕನ ಸಂಬಳಕ್ಕೆ ದಾನ ಕೊಡುವವರು ವಿರಳ. ಆದರೆ ಬೀಗ ಹಾಕಿದ ರಂಗಮಂದಿರಗಳು ನಾಡಿನಲ್ಲಿ ಬೇಕಾದಷ್ಟಿವೆ; ಕೊರತೆ ಇರುವುದು ಕಲಿಸುವವರದು. ಹೆಗ್ಗೋಡು, ಸಾಣೇಹಳ್ಳಿ, ಮೈಸೂರು ಮುಂತಾದೆಡೆ ತರಬೇತಿ ಪಡೆದ ಯುವಕ ಯುವತಿಯರಿಗೆ ಖಾಯಂ ಉದ್ಯೋಗ ದೊರೆಯುವುದು ಅಪರೂಪ. ನಾಲ್ಕೈದು ಶಾಲೆಗಳು ಸೇರಿ ಒಬ್ಬ ರಂಗಶಿಕ್ಷಕರನ್ನು ನೇಮಿಸಿಕೊಂಡು ದಿನಕ್ಕೊಂದು ಶಾಲೆಯಂತೆ ಹಂಚಿಕೊಂಡರೆ ವೆಚ್ಚವೂ ಹಗುರ, ಕಲಾವಿದರಿಗೂ ತಿಂಗಳ ಆಸರೆ.

ಹಣವಿಲ್ಲದವರೂ ನೆರವಾಗಬಹುದು. ದರ್ಜಿಯೊಬ್ಬರು ಉಡುಪು ಹೊಲಿದುಕೊಟ್ಟರೆ, ಬಡಗಿಯೊಬ್ಬರು ರಂಗಸಜ್ಜಿಕೆ ಮಾಡಿಕೊಟ್ಟರೆ, ಭಜನಾ ಮಂಡಳಿಯವರು ಹಾರ್ಮೋನಿಯಂ ತಬಲಾ ನುಡಿಸಿದರೆ ಅದೇ ದಾಸೋಹ. ಪಾಲಕರು ಪ್ರದರ್ಶನಕ್ಕೆ ಬಂದು ಕೊನೆಯವರೆಗೆ ಕುಳಿತು ನೋಡುವುದು ಎಲ್ಲಕ್ಕಿಂತ ದೊಡ್ಡ ಬೆಂಬಲ. ಜಾತ್ರೆ, ಶರಣರ ಜಯಂತಿ, ಶ್ರಾವಣ ಮಾಸದ ಕಾರ್ಯಕ್ರಮಗಳಲ್ಲಿ ಭಾಷಣಗಳ ಸಂಖ್ಯೆಯನ್ನು ಸ್ವಲ್ಪ ತಗ್ಗಿಸಿ ಮಕ್ಕಳ ನಾಟಕಕ್ಕೆ ಒಂದು ಗಂಟೆ ಕೊಡುವಂತೆ ಆಯಾ ಊರಿನ ಸಮಿತಿಗಳಲ್ಲಿ ವಿನಂತಿ.

ಬರುವ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಮುಖ್ಯೋಪಾಧ್ಯಾಯರು ವಾರದ ಆ ಎರಡು ಅವಧಿಗಳನ್ನು ಮೊದಲು ಬರೆದಿಟ್ಟು, ಉಳಿದ ವಿಷಯಗಳನ್ನು ಅನಂತರ ಹೊಂದಿಸಿಕೊಳ್ಳಲಿ. ಪರೀಕ್ಷೆ ಸಮೀಪಿಸಿದಾಗಲೂ ಅವುಗಳನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡದಿರಲಿ.